ಹನ್ನೊಂದೂವರೆಯ ಮೇಷ್ಟ್ರು

ನಮ್ಮ ಮನೆಯಲ್ಲಿ ಈಗ ಮೂರು ಬಗೆಯ ಸಮಯ ನಡೆಯುತ್ತಿದೆ. ಕಳೆದ ಭಾನುವಾರ ಬೇಸಿಗೆಗೆಂದು ಈ ದೇಶದ ಗಡಿಯಾರಗಳೆಲ್ಲ ಒಂದು ಗಂಟೆ ಮುಂದಕ್ಕೆ ಹೋದವಲ್ಲ, ಫೋನುಗಳು ತಾವಾಗಿಯೇ ಬದಲಾದವು. ಅಡುಗೆಮನೆಯ ಒಲೆಯದ್ದು ಹಾಗೇ ಇದೆ. ಹಾಲ್‌ನ ಗೋಡೆ ಗಡಿಯಾರವನ್ನು ನನ್ನ ಗಂಡ ಮುಂದಕ್ಕೆ ತಿರುಗಿಸುವ ಬದಲು ಹಿಂದಕ್ಕೆ ತಿರುಗಿಸಿಟ್ಟಿದ್ದಾರೆ. ಸರಿ ಮಾಡು ಅಂತ ನನಗೆ ಹೇಳಿದರು. ನಾನು ಮಾಡುವುದಿಲ್ಲ ಅಂದೆ. "ಗೋಡೆಗೆ ಡ್ರಿಲ್ ಹಾಕೋಳು ನೀನು, ಗಡಿಯಾರ ಮುಟ್ಟೋಕೆ ಏನೇ ಭಯ?" ಅಂತ ನಕ್ಕರು. ಹೌದು, ಭಯವೇ. ಒಂಬತ್ತು ವರ್ಷದಿಂದ ನಾನು ಒಂದು ಗಡಿಯಾರವನ್ನೂ ಮುಟ್ಟಿಲ್ಲ. ಯಾಕೆ ಅಂತ ಅವರಿಗೂ ಹೇಳಿರಲಿಲ್ಲ. ಈಗ ಹೇಳಬೇಕಾದ ಕಾಲ ಬಂದಿದೆ, ಯಾಕೆಂದರೆ ಯಾರಿಗೆ ಮೊದಲು ಹೇಳಬೇಕಿತ್ತೋ ಆ ಮನುಷ್ಯ ಜನವರಿಯಲ್ಲಿ ತೀರಿಕೊಂಡರು.

ಅವರನ್ನು ನಾನು ಮೇಷ್ಟ್ರೇ ಅಂತ ಕರೆಯುತ್ತಿದ್ದೆ. ಲಂಡನ್ನಿನ ಅಂಚಿನ ಫೆಲ್ಥಮ್‌ನಲ್ಲಿ, ವಿಮಾನಗಳಿಗೆ ಊಟ ಕಟ್ಟಿ ಕಳಿಸುವ ಒಂದು ದೊಡ್ಡ ಅಡುಗೆಮನೆಯಲ್ಲಿ ನಾವಿಬ್ಬರೂ ಏಜೆನ್ಸಿಯ ಮೂಲಕ ಕೆಲಸಕ್ಕಿದ್ದವರು. ನಾನು ಮೈಸೂರಿನವಳು, ಅವರು ಧಾರವಾಡದವರು. ಊರಿನಲ್ಲಿ ಹೈಸ್ಕೂಲಿಗೆ ಗಣಿತ ಹೇಳುತ್ತಿದ್ದವರು. ಹೆಂಡತಿಗೆ ಇಲ್ಲಿ ನರ್ಸ್ ಕೆಲಸ ಸಿಕ್ಕಾಗ ಜೊತೆಗೆ ಬಂದರು. ಕಾಯಂ ಆಗಿ ಇರುವ ಅನುಮತಿ ಸಿಕ್ಕ ವರ್ಷವೇ ಸಂಸಾರ ಮುರಿಯಿತು. ಹೆಂಡತಿ ಮೂರು ವರ್ಷದ ಮಗಳನ್ನು ಕರೆದುಕೊಂಡು ಧಾರವಾಡಕ್ಕೆ ಹೋದರು. ತಪ್ಪು ಯಾರದ್ದು ಅಂತ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮೊದಲ ದಿನ ನನ್ನ ಪಕ್ಕದಲ್ಲಿ ನಿಂತು ಟ್ರೇಗೆ ಬೆಣ್ಣೆ ಪೊಟ್ಟಣ ಇಡುತ್ತಿದ್ದ ಈ ಎತ್ತರದ ಮನುಷ್ಯ ಬಾಯಲ್ಲೇ ಏನೋ ಮಣಮಣ ಅನ್ನುತ್ತಿದ್ದರು. ಮಂತ್ರ ಹೇಳುತ್ತಿದ್ದಾರೆ ಅಂದುಕೊಂಡೆ. ಕಿವಿಗೊಟ್ಟರೆ ಹದಿನಾರರ ಮಗ್ಗಿ.

"ಏನ್ರೀ ಇದು, ಈ ವಯಸ್ಸಲ್ಲಿ ಮಗ್ಗಿ?" ಅಂದೆ.

"ಕನ್ನಡದಾಕಿ ಏನ್ರಿ ನೀವು! ಬರ್ರಿ ಬರ್ರಿ!" ಅಂದರು, ಮನೆಗೆ ಬಂದ ನೆಂಟರನ್ನು ಕರೆದ ಹಾಗೆ. "ಇದು ನನ್ನ ಮಗಳ ಸಲುವಾಗಿರಿ ಅಕ್ಕಾರ. ಸಂಡೇ ಅಕಿಗೆ ಹೇಳಿಕೊಡಬೇಕು. ನಾನs ತಪ್ಪಿದ್ರ ಅಕಿ ಬಿಡೂದಿಲ್ಲ."

ಆ ಭಾನುವಾರದ ವಿಷಯ ತಿಳಿಯದೆ ಈ ಮನುಷ್ಯನನ್ನು ತಿಳಿಯುವುದು ಸಾಧ್ಯವಿಲ್ಲ. ಊರಿನ ಕೋರ್ಟು ಅವರಿಗೆ ವಾರಕ್ಕೊಂದು ವಿಡಿಯೋ ಕಾಲ್ ಕೊಟ್ಟಿತ್ತು. ಪ್ರತಿ ಭಾನುವಾರ, ಭಾರತದ ಸಮಯ ಸಂಜೆ ನಾಲ್ಕರಿಂದ ನಾಲ್ಕೂವರೆ. ಅರ್ಧ ಗಂಟೆ. ಒಂದು ನಿಮಿಷ ಹೆಚ್ಚಿಲ್ಲ. ತಪ್ಪಿದರೆ ಬೇರೆ ದಿನ ಸಿಗುವುದಿಲ್ಲ. ಒಂದು ವರ್ಷದಲ್ಲಿ ಮೂರು ಸಲ ತಪ್ಪಿದರೆ, ಈ ಕಾಲ್ ನಿಲ್ಲಿಸಿ ಅಂತ ತಾಯಿಯ ಕಡೆಯವರು ಕೋರ್ಟನ್ನು ಕೇಳಬಹುದಿತ್ತು. ಮಿಕ್ಕ ಆರು ದಿನ ಇಪ್ಪತ್ತಮೂರೂವರೆ ಗಂಟೆ ಈ ಮನುಷ್ಯ ಬದುಕಿದ್ದು ಆ ಅರ್ಧ ಗಂಟೆಗಾಗಿ ಅಂದರೆ ನೀವು ನಂಬಬೇಕು.

ಈ ನಾಲ್ಕು ಗಂಟೆ ಅನ್ನುವುದು ಲಂಡನ್ನಿನಲ್ಲಿ ಒಂದೇ ಕಡೆ ನಿಲ್ಲುವುದಿಲ್ಲ, ಅದೇ ಕರ್ಮ. ಚಳಿಗಾಲದಲ್ಲಿ ಇಲ್ಲಿಗೂ ನಮ್ಮೂರಿಗೂ ಐದೂವರೆ ಗಂಟೆ ಅಂತರ, ಹಾಗಾಗಿ ಕಾಲ್ ಹತ್ತೂವರೆಗೆ. ಬೇಸಿಗೆಯಲ್ಲಿ ಇಲ್ಲಿಯವರು ಗಡಿಯಾರ ಮುಂದೆ ತಳ್ಳುತ್ತಾರಲ್ಲ, ಆಗ ಅಂತರ ನಾಲ್ಕೂವರೆ, ಕಾಲ್ ಹನ್ನೊಂದೂವರೆಗೆ. ನಾನು ಇದನ್ನು ಬರೆಯುವಾಗಲೂ ಎರಡು ಸಲ ಬೆರಳು ಮಡಚಿ ನೋಡಿಕೊಂಡಿದ್ದೇನೆ. ಮೇಷ್ಟ್ರಿಗೆ ಬೆರಳು ಬೇಕಿರಲಿಲ್ಲ. ಕ್ಯಾಂಟೀನಿನಲ್ಲಿ ಒಂದು ದಿನ ತಮ್ಮ ಕೈಗಡಿಯಾರ ಬಿಚ್ಚಿ ನನ್ನ ಮುಂದೆ ತಲೆಕೆಳಗಾಗಿ ಇಟ್ಟರು.

"ಈಗ ನೋಡ್ರಿ, ಎಷ್ಟಾತು?"

ಲಂಡನ್ನಿನಲ್ಲಿ ಹತ್ತೂವರೆ. ತಿರುಗಿಸಿಟ್ಟ ಗಡಿಯಾರದಲ್ಲಿ ದೊಡ್ಡ ಮುಳ್ಳು ಮೇಲೆ ಹನ್ನೆರಡರ ಜಾಗದಲ್ಲಿತ್ತು, ಚಿಕ್ಕದು ನಾಲ್ಕರ ಹತ್ತಿರ. ನಮ್ಮೂರಿನಲ್ಲಿ ಸರಿಯಾಗಿ ನಾಲ್ಕು!

"ಸಣ್ಣ ಮುಳ್ಳು ಒಂಚೂರು ಮುಂದ ಹೋಗಿರ್ತೈತಿ. ಅದನ್ನ ಹೊಟ್ಟಿಗೆ ಹಾಕ್ಕೋರಿ," ಅಂದರು. "ಚಳಿಗಾಲಕ್ಕ ಇಷ್ಟs. ಬ್ಯಾಸಿಗಿಗೆ ಇದರಾಗ ಒಂದು ತಾಸು ಕಳೀರಿ, ಮುಗೀತು."

ಆ ದಿನದಿಂದ ನಾನು ಅಮ್ಮನಿಗೆ ಫೋನ್ ಮಾಡುವ ಮೊದಲು ಗಡಿಯಾರ ತಿರುಗಿಸಿ ನೋಡುವುದೇ ರೂಢಿಯಾಯಿತು. ಆ ಅಡುಗೆಮನೆಯ ಪಂಜಾಬಿಗಳಿಗೂ ಗುಜರಾತಿಗಳಿಗೂ ಶ್ರೀಲಂಕಾದವರಿಗೂ ಅವರೇ ಪಂಚಾಂಗ. ಮಾರ್ಚ್, ಅಕ್ಟೋಬರ್ ಬಂತೆಂದರೆ ಎಲ್ಲರೂ ಇವರನ್ನೇ ಹಿಡಿಯುವುದು. ಈ ವಾರವಾ, ಮುಂದಿನ ವಾರವಾ? ಮುಂದಕ್ಕಾ, ಹಿಂದಕ್ಕಾ? ನಾಳೆ ಶಿಫ್ಟಿಗೆ ಒಂದು ಗಂಟೆ ಮೊದಲು ಏಳಬೇಕಾ, ತಡವಾಗಿ ಏಳಬೇಕಾ? ಇವರು ಒಬ್ಬರಿಗೂ ಬೇಸರ ಮಾಡಿಕೊಳ್ಳದೆ ಹೇಳುತ್ತಿದ್ದರು. ಕೆಲವರಿಗೆ ಟಿಶ್ಯೂ ಪೇಪರಿನ ಮೇಲೆ ಬರೆದೂ ಕೊಡುತ್ತಿದ್ದರು. "ಮಾರ್ಚ್‌ನಾಗ ಒಂದು ತಾಸು ಕಸಗೋತಾರ, ಅಕ್ಟೋಬರ್‌ದಾಗ ತಿರುಗಿ ಕೊಡ್ತಾರ. ಅಳಬ್ಯಾಡ್ರಿ," ಅನ್ನುವುದು ಅವರ ಮಾತು.

ಭಾನುವಾರ ಕೆಲಸಕ್ಕೆ ಯಾಕೆ ಬರುತ್ತೀರಿ, ಮನೆಯಲ್ಲಿ ಆರಾಮವಾಗಿ ಕೂತು ಮಾತಾಡಬಾರದೇ ಅಂತ ಕೇಳಿದ್ದೆ. "ಸಂಡೇ ಬ್ಯಾಡ ಅಂದವಗ ಏಜೆನ್ಸಿಯವ್ರು ಮಂಡೇನೂ ಬ್ಯಾಡ ಅಂತಾರ್ರಿ," ಅಂದರು. ಊರಿಗೇ ಹೋಗಿಬಿಡಬಾರದೇ ಅಂತಲೂ ಕೇಳಿದ್ದೆ, ನನ್ನ ಬಾಯಿ ಸುಮ್ಮನಿರುವುದಿಲ್ಲ. "ಹೋದ್ರ ಅಕಿ ಸಾಲಿ ಫೀ ಯಾರು ತುಂಬ್ತಾರ?" ಅಂದು ಟ್ರೇ ಕಡೆ ತಿರುಗಿದರು. ಆ ಮೇಲೆ ನಾನು ಕೇಳಲಿಲ್ಲ.

ಕಾಲ್ ಮುಗಿಸಿ ಬಂದ ಮೇಲೆ ಅವರನ್ನು ನೋಡಬೇಕಿತ್ತು. ತಲೆಯ ಮೇಲೆ ಹೇರ್‌ನೆಟ್ ಓರೆಯಾಗಿರುತ್ತಿತ್ತು, ಮುಖ ಕೆಂಪಗೆ. ಅವಳು ಏನೇನು ಅಂದಳೋ ಒಂದಕ್ಷರ ಬಿಡದೆ ನನಗೆ ವರದಿ. ಮೊದಲ ಹತ್ತು ನಿಮಿಷ ಅವಳು ಮುಖ ತಿರುಗಿಸಿಕೊಂಡು ಕೂರುತ್ತಾಳಂತೆ. ಆಮೇಲೆ ಮಗ್ಗಿ ಶುರು ಮಾಡಿದರೆ, ಇವರು ಬೇಕಂತಲೇ ಒಂದು ಕಡೆ ತಪ್ಪು ಹೇಳುತ್ತಾರಂತೆ. ಅವಳು "ಪಪ್ಪಾ, ತಪ್ಪು!" ಅಂತ ಕಿರುಚುತ್ತಾಳಂತೆ. ಅಲ್ಲಿಂದ ಮುಂದೆ ಮಾತು ತಾನೇ ಬರುತ್ತದಂತೆ. "ಒಂದು ತಪ್ಪು ಹೇಳಿದ್ರ ಸಾಕ್ರಿ, ಇಡೀ ಹುಡುಗಿ ಸಿಗ್ತಾಳ," ಅಂದಿದ್ದರು. ಇಂಥ ಮೇಷ್ಟ್ರಿದ್ದಿದ್ದರೆ ನಾನೂ ಗಣಿತದಲ್ಲಿ ಪಾಸಾಗುತ್ತಿದ್ದೆ.

ಆ ವರ್ಷ ಮಾರ್ಚ್‌ನಲ್ಲಿ ಮೊದಲನೆಯ ಸಲ ತಪ್ಪಿತು. ಗಡಿಯಾರ ಬದಲಾದ ಭಾನುವಾರ ತಮಗೆ ಹನ್ನೊಂದೂವರೆಗೆ ಬಿಡುವು ಬೇಕು ಅಂತ ಇವರು ಮೊದಲೇ ಹೇಳಿಟ್ಟಿದ್ದರು. ಸೂಪರ್‌ವೈಸರ್ ಮರೆತು ಎಂದಿನಂತೆ ಹತ್ತೂವರೆಗೇ ಕಳಿಸಿದಳು. ಊರಲ್ಲಿ ಆಗಿನ್ನೂ ಮೂರು ಗಂಟೆ. ಮಗಳ ಅಜ್ಜಿ ಫೋನ್ ಎತ್ತಿ, ಇನ್ನೂ ಟೈಮ್ ಆಗಿಲ್ಲ ಅಂತ ಇಟ್ಟರು. ಹನ್ನೊಂದೂವರೆಗೆ ಇವರನ್ನು ಮತ್ತೆ ಬಿಡಲಿಲ್ಲ. ಗಡಿಯಾರ ಬದಲಾಗಿ ಹೀಗಾಯಿತು ಅಂತ ಇವರ ವಕೀಲರು ಕೋರ್ಟಿನಲ್ಲಿ ಹೇಳಿದಾಗ ಆ ಕಡೆಯವರು ನಕ್ಕರಂತೆ. ಎರಡನೆಯ ಸಲ ಆಗಸ್ಟಿನಲ್ಲಿ. ಲಾಕರಿನ ಬೀಗದೊಳಗೆ ಕೀಲಿ ಮುರಿದು, ಫೋನ್ ಒಳಗೇ ಉಳಿಯಿತು. ಫೋನು, ಕೈಗಡಿಯಾರ, ಉಂಗುರ ಏನನ್ನೂ ಕೆಲಸದ ಜಾಗಕ್ಕೆ ತರುವಂತಿರಲಿಲ್ಲ. ಊಟದೊಳಗೆ ಬಿದ್ದೀತು ಅಂತ. ನಮ್ಮ ಹಾಲಿನಲ್ಲಿ ನಮಗೆಲ್ಲ ಇದ್ದದ್ದು ಒಂದೇ ಗಡಿಯಾರ, ಕೈ ತೊಳೆಯುವ ಸಿಂಕಿನ ಮೇಲೆ ತೂಗುಹಾಕಿದ್ದು. ಕಿಟಕಿಯೂ ಇರಲಿಲ್ಲ.

ಅಕ್ಟೋಬರ್ ಬಂತು. ಎರಡು ತಪ್ಪಿವೆ, ಮೂರನೆಯದು ತಪ್ಪುವಂತಿಲ್ಲ. ಸಾಲದ್ದಕ್ಕೆ ಗಡಿಯಾರ ಹಿಂದಕ್ಕೆ ಹೋಗುವ ಭಾನುವಾರದ ನಂತರದ ಮಂಗಳವಾರವೇ ಕೋರ್ಟಿನಲ್ಲಿ ದಿನ. ಮಗಳಿಗೆ ಒಂಬತ್ತು ತುಂಬಿತ್ತು, ತಂದೆಯ ಜೊತೆ ಮಾತಾಡುವುದು ಇಷ್ಟವಿದೆಯೇ ಅಂತ ಜಡ್ಜು ಅವಳನ್ನೇ ಕೇಳುವವರಿದ್ದರು. ಮೇಷ್ಟ್ರಿಗೆ ಚಿಂತೆಯೇ ಇರಲಿಲ್ಲ. "ಈ ಸಂಡೇ ಹತ್ತೊಂಬತ್ತರ ಮಗ್ಗಿ ಹೇಳ್ತಾಳ. ಒಂದು ವಾರದಿಂದ ತಯಾರಿ ನಡಿಸ್ಯಾಳಂತ," ಅಂದರು ಶುಕ್ರವಾರ. ಅವರೂ ಟ್ರೇ ಜೋಡಿಸುತ್ತಾ ಹತ್ತೊಂಬತ್ತರದ್ದೇ ಹೇಳಿಕೊಳ್ಳುತ್ತಿದ್ದರು. ಎಲ್ಲಿ ತಪ್ಪಬೇಕು ಅಂತಲೂ ಗುರುತು ಹಾಕಿಟ್ಟಿದ್ದರು, ಹತ್ತೊಂಬತ್ತು ಏಳಲಿ ನೂರಾ ಮೂವತ್ತಾರು.

ಭಾನುವಾರ ಅವರು ಬೆಳಗ್ಗೆ ಆರಕ್ಕೇ ಬಂದಿದ್ದಾರೆ. ಗೋಡೆಯ ಗಡಿಯಾರವನ್ನು ಯಾರೂ ಬದಲಿಸಿರಲಿಲ್ಲ, ಅದು ಏಳು ತೋರಿಸುತ್ತಿತ್ತು. ಇವರು ಸೂಪರ್‌ವೈಸರನ್ನು ಅದರ ಮುಂದೆ ಕರೆದುಕೊಂಡು ಹೋಗಿ ಹೇಳಿದ್ದಾರೆ: ಈ ಗಡಿಯಾರ ಇನ್ನೂ ಬೇಸಿಗೆಯಲ್ಲೇ ಇದೆ, ಹಾಗಾಗಿ ಇವತ್ತೂ ಇದರಲ್ಲಿ ಹನ್ನೊಂದೂವರೆ ಆದಾಗ ನಾನು ಹೋಗುತ್ತೇನೆ, ಹಿಂದಿನ ವಾರದ ಹಾಗೇ. ಅವಳು ಆಯಿತು ಅಂದಿದ್ದಾಳೆ. ಲೆಕ್ಕ ಸರಿಯಾಗಿತ್ತು. ಆ ಗಡಿಯಾರದ ಹನ್ನೊಂದೂವರೆ ಅಂದರೆ ನಿಜವಾದ ಹತ್ತೂವರೆ, ಧಾರವಾಡದ ನಾಲ್ಕು. ಗಣಿತದ ಮೇಷ್ಟ್ರು ತಪ್ಪಲಿಲ್ಲ. ಆಮೇಲೆ ಅವರನ್ನು ಕೋಲ್ಡ್ ರೂಮಿನ ಸರಕು ಇಳಿಸುವುದಕ್ಕೆ ಕಳಿಸಿದರು. ಇದೆಲ್ಲ ನನಗೆ ಆ ಸೂಪರ್‌ವೈಸರ್ ಆಮೇಲೆ ಹೇಳಿದ್ದು.

ನಾನು ಬಂದದ್ದು ಎಂಟಕ್ಕೆ. ಕೈ ತೊಳೆಯುತ್ತಾ ತಲೆ ಎತ್ತಿದರೆ ಗಡಿಯಾರದಲ್ಲಿ ಒಂಬತ್ತು. ಅಯ್ಯೋ, ಇವತ್ತು ಮೇಷ್ಟ್ರ ಕಾಲ್! ಅವರು ಹತ್ತೂವರೆಗೆ ಹೋಗಬೇಕು, ಈ ಹಾಳು ಗಡಿಯಾರ ನೋಡಿ ಒಂದು ಗಂಟೆ ಮೊದಲೇ ಹೋದರೆ ಮಾರ್ಚ್‌ನಲ್ಲಿ ಆದದ್ದೇ ಮತ್ತೆ ಆಗುತ್ತದೆ ಅಂತ ನನ್ನ ಬುದ್ಧಿಗೆ ಹೊಳೆಯಿತು. ಅವರನ್ನು ಕಣ್ಣಲ್ಲಿ ಹುಡುಕಿದೆ, ಕಾಣಲಿಲ್ಲ. ಅರ್ಧ ಗಂಟೆ ಕಾದೆ. ಆಮೇಲೆ ಬ್ರೆಡ್ಡಿನ ಕ್ರೇಟೊಂದನ್ನು ಬೋರಲು ಹಾಕಿ, ಅದರ ಮೇಲೆ ಹತ್ತಿ, ಗಡಿಯಾರ ಇಳಿಸಿ, ಹಿಂದಿನ ತಿರುಪು ತಿರುಗಿಸಿ ಒಂದು ಗಂಟೆ ಹಿಂದಕ್ಕಿಟ್ಟೆ. ಎಂಟೂವರೆ. ಕೈ ಮತ್ತೆ ತೊಳೆದುಕೊಂಡೆ. ಮೇಷ್ಟ್ರು ಬಂದು ನೋಡಿದರೆ ಸರಿಯಾದ ಟೈಮು ಸಿಗುತ್ತದೆ ಅಂತ ಎಷ್ಟು ಸಮಾಧಾನವಾಯಿತು ಅಂದರೆ, ಒಬ್ಬಳೇ ನಕ್ಕೆ ಕೂಡ. ನನ್ನ ಕೈಗೆ ಅವತ್ತು ಬರೆ ಹಾಕುವವರು ಯಾರೂ ಇರಲಿಲ್ಲ.

ಅಷ್ಟರಲ್ಲಿ ನನ್ನನ್ನು ಇನ್ನೊಂದು ಹಾಲಿಗೆ, ಚಮಚ ಕಟ್ಟುವ ಕಡೆಗೆ ಕಳಿಸಿದರು. ಮೇಷ್ಟ್ರು ಒಂಬತ್ತಕ್ಕೆ ಕೋಲ್ಡ್ ರೂಮಿನಿಂದ ಬಂದು ಗಡಿಯಾರ ನೋಡಿದ್ದಾರೆ. ಒಂಬತ್ತು. ಅದು ಇನ್ನೂ ಬೇಸಿಗೆಯದ್ದೇ ಅಂದುಕೊಂಡು, ನಿಜವಾಗಿ ಎಂಟು ಅಂತ ತಿಳಿದಿದ್ದಾರೆ. ಬಿಡುವಿಗೆ ಒಬ್ಬೊಬ್ಬರೇ ಹೋಗುವ ಪದ್ಧತಿಯಾದ್ದರಿಂದ ಯಾರಿಗೂ ಏನೂ ಅನಿಸಲಿಲ್ಲ. "ಇವತ್ತು ಟೈಮ್ ಸರಿಯಾಕತ್ತಿಲ್ರಿ, ಕಾಲು ಸೋತು ಹೋದ್ವು," ಅಂತ ಪಕ್ಕದ ಗುಜರಾತಿ ಹೆಂಗಸಿಗೆ ಅಂದರಂತೆ, ಆಮೇಲೆ ಅವರೇ ನನಗೆ ಹೇಳಿದ್ದು. ಅವಳಿಗೆ ಕನ್ನಡ ಬರುವುದಿಲ್ಲ. ಸಂತೋಷ ತಡೆಯದಾದಾಗ ಯಾರ ಹತ್ತಿರವಾದರೂ ಕನ್ನಡವೇ ಆಡಿಬಿಡುತ್ತಿದ್ದರು. ಹತ್ತೂವರೆಗೆ ನಾನು ಆ ಹಾಲಿನ, ಆಗಲೇ ಸರಿ ಮಾಡಿಟ್ಟಿದ್ದ ಗಡಿಯಾರ ನೋಡಿ, ಈಗ ಮಗ್ಗಿ ನಡೆಯುತ್ತಿರಬೇಕು ಅಂದುಕೊಂಡೆ.

ಹನ್ನೊಂದೂವರೆಗೆ ನನ್ನ ಟೀ. ಲಾಕರ್ ರೂಮಿಗೆ ಹೋದೆ. ಬೆಂಚಿನ ಮೇಲೆ ಅವರು ಕೂತಿದ್ದರು. ಕೈಯಲ್ಲಿ ಫೋನು, ಕಿವಿಗೆ ಹಚ್ಚುವುದು, ಇಳಿಸುವುದು, ಮತ್ತೆ ಒತ್ತುವುದು.

"ಏನಾಯ್ತು ಮೇಷ್ಟ್ರೇ?"

"ಫೋನ್ ತಪ್ಪು ತೋರಸಾಕತ್ತೈತಿ ಅಕ್ಕಾರ," ಅಂದರು. "ಹನ್ನೊಂದೂವರಿ ಅಂತೈತಿ. ಹತ್ತೂವರಿ ಇರಬೇಕಲ್ರಿ? ಗ್ವಾಡಿ ಗಡಿಯಾರ ಬ್ಯಾಸಿಗೀದು. ಹೌದಲ್ರಿ? ನಾ ಸೂಪರ್‌ವೈಸರ್‌ಗೆ ಹೇಳೇನಿ, ಅದರಾಗ ಹನ್ನೊಂದೂವರಿ ಆದ್ರ ಹೊಕ್ಕೀನಿ ಅಂತ. ಹೇಳೇನ್ರಿ ನಾನು!"

ನನಗೆ ಆಗ ಎಲ್ಲ ತಿಳಿಯಿತು.

ಅವರು ಮತ್ತೆ ಮಾಡಿದರು. ರಿಂಗ್ ಆಗಿ ಆಗಿ ನಿಂತಿತು. ಹತ್ತು ಸಲವಾದರೂ ಮಾಡಿರಬೇಕು. ಆಮೇಲೆ ಫೋನನ್ನು ಬೆಂಚಿನ ಮೇಲಿಟ್ಟು, ಎರಡೂ ಕೈಗಳಲ್ಲಿ ತಲೆ ಹಿಡಿದುಕೊಂಡು ಹೇಳಿದರು: "ಯಾರೋ ಗಡಿಯಾರ ತಿರುವ್ಯಾರ. ಯಾರೋ ತಿರುವ್ಯಾರ ಅಕ್ಕಾರ."

"ಮೇಂಟೆನೆನ್ಸ್‌ನವರಿರಬೇಕು," ಅಂದೆ.

ನನ್ನ ಬಾಯಿಂದ ಬಂದದ್ದು ಇಷ್ಟೇ. ಯೋಚಿಸಿ ಆಡಿದ ಮಾತಲ್ಲ. ಆದರೆ ಆಮೇಲೆ ಯೋಚಿಸಿ ಅದನ್ನೇ ಕಾಪಾಡಿಕೊಂಡೆ, ಅದು ಇನ್ನೂ ದೊಡ್ಡ ಪಾಪ.

ಸಂಜೆ ಅವರ ವಕೀಲರು ಫೋನಿನಲ್ಲಿ ಹೇಳಿದರಂತೆ, ಮತ್ತೆ ಗಡಿಯಾರದ ಕತೆ ಹೇಳಿದರೆ ಯಾರೂ ನಂಬುವುದಿಲ್ಲ, ಗಡಿಯಾರ ತಿರುಗಿಸಿದವರು ಯಾರೋ ಅವರಿಂದ ಎರಡು ಸಾಲು ಬರೆಸಿ ಕಳಿಸಿದರೆ ಕೋರ್ಟಿಗೆ ಕೊಡುತ್ತೇನೆ ಅಂತ. ಸೋಮವಾರ ಮೇಷ್ಟ್ರು ರಜೆ ಇದ್ದರೂ ಬಂದರು. ಒಬ್ಬೊಬ್ಬರನ್ನೂ ಹಿಡಿದು ಕೇಳಿದರು. ಮೇಂಟೆನೆನ್ಸ್‌ನವರು ನಮ್ಮಲ್ಲಿ ಯಾರೂ ಮುಟ್ಟಿಲ್ಲ ಅಂದರು. ಕ್ಯಾಂಟೀನಿನಲ್ಲಿ ಟೇಬಲಿನಿಂದ ಟೇಬಲಿಗೆ ಹೋಗಿ ಇಂಗ್ಲಿಷಿನಲ್ಲಿ, ಮುರುಕು ಹಿಂದಿಯಲ್ಲಿ ಕೈ ಮುಗಿದು ಕೇಳುತ್ತಿದ್ದರು. ತಪ್ಪು ಮಾಡಿದ್ದೀರಿ ಅಂತಲ್ಲ, ಹೆಸರು ಎಲ್ಲೂ ಹೇಳುವುದಿಲ್ಲ, ಎರಡೇ ಸಾಲು ಸಾಕು. ನನ್ನ ಟೇಬಲಿಗೂ ಬಂದರು.

"ಅಕ್ಕಾರ, ನಿಮಗ ಯಾರರ ಕಂಡ್ರೇನ್ರಿ? ಎಂಟಕ್ಕ ಬಂದಿದ್ರಿ ನೀವು."

"ಇಲ್ಲ ಮೇಷ್ಟ್ರೇ," ಅಂದೆ. ಟೀ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದಿದ್ದೆ.

ಯಾಕೆ ಅಂತ ಕೇಳುತ್ತೀರಿ. ಊಟದ ಕ್ರೇಟಿನ ಮೇಲೆ ಬೂಟುಗಾಲಿಟ್ಟವರನ್ನು ಅಲ್ಲಿ ಅದೇ ದಿನ ಮನೆಗೆ ಕಳಿಸುತ್ತಿದ್ದರು. ಹಿಂದಿನ ತಿಂಗಳೇ ಒಬ್ಬನನ್ನು ಕಳಿಸಿದ್ದರು. ನನ್ನ ಗಂಡನಿಗೆ ಆಗ ಕೆಲಸವಿರಲಿಲ್ಲ. ಇದೆಲ್ಲ ನಿಜ. ಒಂಬತ್ತು ವರ್ಷದಿಂದ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ, ಒಂದು ದಿನವೂ ಸಾಕಾಗಿಲ್ಲ. ಬೇರೆ ಕೆಲಸ ಸಿಗುತ್ತಿತ್ತು. ಅವರಿಗೆ ಬೇರೆ ಮಗಳು ಸಿಗುವಂತಿರಲಿಲ್ಲ.

ಮಂಗಳವಾರ ಜಡ್ಜು ಹುಡುಗಿಯನ್ನು ಒಳಗೆ ಕರೆದು ಕೇಳಿದರು. ಅವಳು ಬೇಡ ಅಂದಳು. ಕಾಲ್ ನಿಂತಿತು. ಮೇಷ್ಟ್ರು ಡಿಸೆಂಬರಿನಲ್ಲಿ ಊರಿಗೆ ಹೋಗಿ ಕೋರ್ಟಿನ ವರಾಂಡದಲ್ಲಿ ಅವಳನ್ನು ಕಂಡರು. ಅವಳು ಅಜ್ಜಿಯ ಸೆರಗಿನ ಹಿಂದಿನಿಂದ ಹೊರಗೆ ಬರಲಿಲ್ಲ. ಹತ್ತೊಂಬತ್ತರ ಮಗ್ಗಿ ಅಲ್ಲೇ ನಿಂತು ಶುರು ಮಾಡಿದರಂತೆ, ಏಳರಲ್ಲಿ ತಪ್ಪಿದರಂತೆ. "ಸುಮ್ನs ನಿಂತಿದ್ಲ್ರಿ," ಅಂದರು ನನಗೆ.

ಆಮೇಲಿನ ಮೇಷ್ಟ್ರು ಬೇರೆಯೇ ಮನುಷ್ಯ. ಕೆಲಸ ಬಿಡಲಿಲ್ಲ, ಕುಡಿಯಲಿಲ್ಲ, ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಮುಂದಿನ ಮಾರ್ಚ್ ಬಂದಾಗ ಎಂದಿನಂತೆ ಎಲ್ಲರೂ ಅವರ ಸುತ್ತ ಕೂಡಿದರು, ಮುಂದಕ್ಕಾ ಹಿಂದಕ್ಕಾ ಅಂತ. "ನನಗ ಗೊತ್ತಿಲ್ರಿ," ಅಂದು ಎದ್ದು ಹೋದರು. ಗಣಿತದ ಮೇಷ್ಟ್ರು ಗೊತ್ತಿಲ್ಲ ಅಂದದ್ದನ್ನು ಕೇಳಿ ನಾನು ಟಾಯ್ಲೆಟ್ಟಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಮಗ್ಗಿ ಹೇಳಿಕೊಳ್ಳುವುದನ್ನೂ ಬಿಟ್ಟರು. ಸುಮ್ಮನೆ ಟ್ರೇ ಜೋಡಿಸುತ್ತಿದ್ದರು, ಎಲ್ಲರಂತೆ.

ಹೇಳಿಬಿಡಬೇಕು ಅಂತ ಎಷ್ಟು ಸಲ ಹೊರಟಿದ್ದೇನೆ! ಒಮ್ಮೆ ಹ್ಯಾರೋದಲ್ಲಿ ನಮ್ಮವರ ಯುಗಾದಿ ಊಟ. ಪಂಕ್ತಿಯಲ್ಲಿ ಪಕ್ಕದಲ್ಲೇ ಕೂತಿದ್ದರು. ಬೇವು ಬೆಲ್ಲ ಬಾಯಿಗಿಟ್ಟುಕೊಂಡು ಧೈರ್ಯ ತಂದುಕೊಂಡೆ. "ಮೇಷ್ಟ್ರೇ, ಆ ದಿನ ಗಡಿಯಾರದ್ದು ಒಂದು ಮಾತು..." ಅಂದೆ.

ಅವರು ಕೈ ಅಡ್ಡ ಹಿಡಿದರು. "ಬ್ಯಾಡ್ರಿ ಅಕ್ಕಾರ, ಹಬ್ಬದ ದಿವಸ. ಆ ಮೇಂಟೆನೆನ್ಸ್ ಹುಡುಗಗ ನಾ ಯಾವಾಗಲೋ ಮಾಫ್ ಮಾಡೇನಿ. ಪಾಪ, ಅಂವ ತನ್ನ ಕೆಲಸ ಮಾಡ್ಯಾನ. ಅವಗೇನ್ ಗೊತ್ತಿತ್ತು?"

ನನ್ನ ಎಲೆಗೆ ಅವರೇ ಒಂದು ಹೋಳಿಗೆ ಹಾಕಿಸಿದರು. ನಾನು ತಿಂದೆ. ಅದನ್ನು ಹೇಗೆ ನುಂಗಿದೆ ಅಂತ ನನಗೇ ಗೊತ್ತಿಲ್ಲ. ಮಾಡದ ಒಬ್ಬನನ್ನು ಅವರು ಕ್ಷಮಿಸಿಯಾಗಿತ್ತು, ಮಾಡಿದವಳಿಗೆ ಹೋಳಿಗೆ.

ನಾನು ಆಮೇಲೆ ಗ್ರೀನ್‌ಫರ್ಡಿಗೆ ಬಂದೆ, ಬೇರೆ ಕೆಲಸ ಹಿಡಿದೆ. ಅವರು ಅಲ್ಲೇ ಉಳಿದರು. ತಿಂಗಳಿಗೊಮ್ಮೆ ಫೋನ್ ಮಾಡುತ್ತಿದ್ದರು, ಮಗಳು ಈಗ ಎಷ್ಟನೆಯ ಇಯತ್ತೆ, ಯಾವ ಕಾಲೇಜು ಅಂತ ತಂಗಿಯ ಮೂಲಕ ತಿಳಿದದ್ದನ್ನು ಹೇಳುತ್ತಿದ್ದರು. ಹದಿನೆಂಟು ತುಂಬಿದ ಮೇಲೆ ಕೋರ್ಟು ಬೇಕಾಗಿಲ್ಲ ಅನ್ನುವುದೊಂದೇ ಅವರ ಆಸೆ. ಹೋದ ಶ್ರಾವಣದಲ್ಲಿ ತುಂಬಿತು. ಅವರ ತಂಗಿ ನಂಬರು ಕೊಟ್ಟಳು. ಆ ದಿನ ಬಸ್ಸು ಹಿಡಿದು ನನ್ನ ಮನೆಗೇ ಬಂದರು, ಏನು ಬರೆಯಬೇಕು ಅಂತ ಕೇಳುವುದಕ್ಕೆ. ಮೂರು ಗಂಟೆ ಕೂತು ಒಂದು ಸಾಲು ಬರೆದರು: "ಹುಟ್ಟುಹಬ್ಬದ ಶುಭಾಶಯ ಮಗಳ. ನಿಮ್ಮ ಪಪ್ಪಾ." ಮಗಳಿಗೆ ನಿಮ್ಮ ಅಂತ ಯಾಕೆ ಅಂದೆ. "ದೊಡ್ಡಾಕಿ ಆಗ್ಯಾಳ್ರಿ," ಅಂದರು. ಕಳಿಸಿದ ಸ್ವಲ್ಪ ಹೊತ್ತಿಗೆ ಎರಡು ನೀಲಿ ಗೆರೆ ಮೂಡಿತು. "ನೋಡ್ಯಾಳ! ಅಕ್ಕಾರ, ನೋಡ್ಯಾಳ!" ಅಂತ ಎದ್ದೇ ನಿಂತರು.

ಉತ್ತರ ಬರಲಿಲ್ಲ. ಅವತ್ತೂ ಬರಲಿಲ್ಲ, ದೀಪಾವಳಿಗೂ ಬರಲಿಲ್ಲ. ಅವರು ಮತ್ತೆ ಬರೆದರೆ ಒತ್ತಾಯ ಮಾಡಿದಂತಾಗುತ್ತದೆ ಅಂತ ಸುಮ್ಮನಿದ್ದರು. ಪ್ರತಿ ಸಲ ಫೋನ್ ಮಾಡಿದಾಗಲೂ, "ನೋಡ್ಯಾಳಲ್ರಿ, ಅಷ್ಟs ಸಾಕು," ಅನ್ನುತ್ತಿದ್ದರು. ಸಾಕಾಗಿರಲಿಲ್ಲ, ದನಿಯಲ್ಲೇ ತಿಳಿಯುತ್ತಿತ್ತು. ಜನವರಿಯಲ್ಲಿ ಕೆಲಸದಿಂದ ಬರುವಾಗ ಬಸ್‌ಸ್ಟಾಪಿನಲ್ಲಿ ಕುಸಿದರು. ಆಸ್ಪತ್ರೆಗೆ ನಾನು ಮುಟ್ಟುವಷ್ಟರಲ್ಲಿ ಮುಗಿದಿತ್ತು. ಕ್ರಿಮೇಟೋರಿಯಂನಲ್ಲಿ ನಾವು ಏಳು ಜನ ಇದ್ದೆವು. ತಂಗಿ ಫೋನಿನಲ್ಲಿ ನೋಡಿದಳು.

ಕಳೆದ ತಿಂಗಳು ಒಂದು ಮಧ್ಯಾಹ್ನ ನನಗೆ ಭಾರತದ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಎತ್ತಿದೆ.

"ಆಂಟಿ, ನಾ ಧಾರವಾಡದಿಂದರಿ," ಅಂತ ಹೆಣ್ಣುದನಿ. "ನಮ್ಮ ಅತ್ತಿ ನಿಮ್ಮ ನಂಬರ್ ಕೊಟ್ರು. ಪಪ್ಪಾನ ಜೋಡಿ ನೀವು ಕೆಲಸಾ ಮಾಡ್ತಿದ್ರಂತ."

ಕೂತುಕೊಂಡೆ. ಹೌದಮ್ಮ ಅಂದೆ.

"ಒಂದು ಕೇಳ್ಲೇನ್ರಿ? ನಾ ಸಣ್ಣಾಕಿದ್ದಾಗ ಒಂದು ಸಂಡೇ ಅವ್ರು ಫೋನ್ ಮಾಡಲಿಲ್ಲ. ನಾಕರಿಂದ ಕುಂತಿದ್ದೆ. ನಾಕೂವರಿ ಆತು, ಅಜ್ಜಿ ಏಳು ಅಂದ್ರು, ನಾ ಏಳಲಿಲ್ಲ. ಫೋನ್ ಹಿಡಕೊಂಡs ಕುಂತಿದ್ದೆ. ಐದಕ್ಕ ರಿಂಗ್ ಆತು. ನನ್ನ ಕೈಯಾಗs ರಿಂಗ್ ಆತ್ರಿ ಆಂಟಿ. ಮತ್ತ ಮತ್ತ ಆತು. ನಾ ಎತ್ತಲಿಲ್ಲ. ಭಾಳ ಸಿಟ್ಟು ಬಂದಿತ್ತು ನನಗ. ಎತ್ತಿದ್ರ ಬೈದುಬಿಡ್ತೀನಿ ಅಂತ ಸುಮ್ನ ಕುಂತೆ. ಮರುದಿನ ಮಾಡ್ತಾರ ಅನ್ಕೊಂಡೆ."

ಆ ಕಡೆ ಅವಳು ಮೂಗು ಒರೆಸಿಕೊಂಡಳು.

"ಅವತ್ತು ಅವ್ರು ಯಾಕ ತಡಾ ಮಾಡಿದ್ರು, ನಿಮಗ ಗೊತ್ತೇನ್ರಿ?"

ಗೊತ್ತು ಅಂದೆ. ಹೇಳಿದೆ. ಕ್ರೇಟಿನ ಮೇಲೆ ಹತ್ತಿದ್ದು, ತಿರುಪು ತಿರುಗಿಸಿದ್ದು, ಮೇಂಟೆನೆನ್ಸ್‌ನವರು ಅಂದದ್ದು, ಸೋಮವಾರ ಅವರು ಕೈ ಮುಗಿದು ಕೇಳಿದಾಗ ಇಲ್ಲ ಅಂದದ್ದು, ಒಂದನ್ನೂ ಬಿಡಲಿಲ್ಲ. ತಡ ಮಾಡಿದವರು ಅವರಲ್ಲಮ್ಮ, ನಾನು ಅಂದೆ. ಬೈಯಲಿ ಅಂತ ಕಾದೆ. ಒಂಬತ್ತು ವರ್ಷದಿಂದ ಯಾರಾದರೂ ಬೈಯಲಿ ಅಂತಲೇ ಕಾದಿದ್ದೆ.

ಅವಳು ಬೈಯಲಿಲ್ಲ. ಕೇಳಿದಳು: "ಇದನ್ನ ನೀವು ಪಪ್ಪಾಗ ಹೇಳಿದ್ರೇನ್ರಿ?"

"ಇಲ್ಲಮ್ಮ. ಹೇಳಲಿಲ್ಲ."

"ನಾನೂ ಹೇಳಲಿಲ್ರಿ," ಅಂದಳು.